ಮಣ್ಣಿಗೆ ಎಲ್ಲರೂ ಬನ್ನಿ

ಶಿವರುದ್ರಸ್ವಾಮಿ ಆಟೋದೊಳಕ್ಕೆ ಕೈ ಹಾಕಿ ಮೈಕಿನ ವೈರು ಕಿತ್ತುಕೊಂಡ.

"ಕೊಡಿ ದೊಡ್ಡಪ್ಪ," ಎಂದಳು ಮಾಲಿನಿ. ಮೈಕು ಅವಳ ಕೈಯಲ್ಲಿ, ವೈರು ಅವನ ಕೈಯಲ್ಲಿ. ಆಟೋದ ನೆತ್ತಿಗೆ ಕಟ್ಟಿದ್ದ ಹಾರ್ನು ಡೈಲಾಗು ಮರೆತ ನಟನಂತೆ ಬಾಯಿ ತೆರೆದುಕೊಂಡಿತ್ತು.

ಜಗಲಿಯ ಮೇಲೆ ಅವಳ ಅಪ್ಪ ಶಿವಮಲ್ಲಪ್ಪನನ್ನು ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಹನೂರಿನಲ್ಲಿ ಯಾರೇ ಸತ್ತರೂ ಇದೇ ಆಟೋದಲ್ಲಿ ಊರು ಸುತ್ತಿ ಸುದ್ದಿ ಕೂಗುತ್ತಿದ್ದವನು ಅವನು. ಇವತ್ತು ಅವನ ಸುದ್ದಿ ಕೂಗಲು ಮಗಳು ಹೊರಟಿದ್ದಳು.

"ಏನಂತ ಕೂಗ್ತೀಯ, ಅದ್ನ ಮೊದ್ಲು ಯೋಳು," ಎಂದ ಶಿವರುದ್ರಸ್ವಾಮಿ. ಶಿವಮಲ್ಲಪ್ಪನ ದೊಡ್ಡಪ್ಪನ ಮಗ. ಕುಲದಲ್ಲಿ ಈಗ ಹಿರಿಯ.

"ಅಪ್ಪ ಎಲ್ರುಗೂ ಕೂಗ್ತಿದ್ದಂಗೇಯ. ದೇವ್ರ ಮನೆಗೆ ಓದ್ರು, ಮಣ್ಣಿಗೆ ಎಲ್ರೂ ಬನ್ನಿ ಅಂತ."

"ಅದು ಕಂಡೋರ್ಗೆ. ನಮ್ಮೋರ್ಗೆ ಲಿಂಗೈಕ್ಯ ಅನ್ಬೇಕು. ಎಲ್ರೂ ಅನ್ಬೇಡ, ಕುಲಬಾಂಧವರು ಅನ್ನು. ಸಾಬ್ರು, ಚರ್ಚ್ನೋರು ಬಂದು ಗುಣಿಗೆ ಮಣ್ ಆಕಂಗಿಲ್ಲ. ಮಠದ ಸ್ವಾಮ್ಗೋಳು ಬತ್ತಾವ್ರೆ."

ಡ್ರೈವರ್ ಸೀಟಿನಲ್ಲಿದ್ದ ಬುಡನ್ ಸಾಬಿ ತಿರುಗಿದ. "ಆಟೋ ನಂದು ಕಣ್ರಿ ಸಾ. ನಾನೂ ಇಳೀಬೇಕಾ?"

"ನೀನು ಓಡ್ಸು. ಗುಣಿ ತಾವ್ಕೆ ಬರ್ಬೇಡ."

"ಅಂದ್ರೆ ಇಂಟ್ರುವಲ್ ಗಂಟ ನಾನು ಬೇಕು, ಕ್ಲೈಮ್ಯಾಕ್ಸ್ ಟೈಮ್ಗೆ ಗೇಟಿಂದ ಆಚ್ಗೆ."

ಯಾರೂ ನಗಲಿಲ್ಲ. ಬುಡನ್ ಸಾಬಿಯೂ ನಗಲಿಲ್ಲ.

*

ಶಿವಮಲ್ಲಪ್ಪ ಮೊದಲು ಕೂಗುತ್ತಿದ್ದುದು ಟೂರಿಂಗ್ ಟಾಕೀಸಿನ ಸಿನಿಮಾಗಳನ್ನು. ಟೆಂಟು ಎತ್ತಿದ ಮೇಲೆ ಸಾವು ಕೂಗಲು ಶುರು ಮಾಡಿದ. ಮೊದಲ ಸಾವು ಚರ್ಚ್ ಬೀದಿಯ ಅಂತೋಣಿಯಮ್ಮನದು. "ದೇವರ ಮನೆಗೆ ಹೋದರು, ಮಣ್ಣಿಗೆ ಎಲ್ಲರೂ ಬನ್ನಿ" ಎಂದವನು, ಸಿನಿಮಾ ಕೂಗಿದ ಹಳೇ ಬಾಯಿಚಟಕ್ಕೆ, "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದೂ ಸೇರಿಸಿಬಿಟ್ಟ. ಬಸ್‌ಸ್ಟ್ಯಾಂಡಿನವರು ಬಿದ್ದು ಬಿದ್ದು ನಕ್ಕರು. ಹಿಂದೆಮುಂದೆ ಯಾರೂ ಇಲ್ಲದ ಆ ಮುದುಕಿಯ ಮಣ್ಣಿಗೆ ಅರ್ಧ ಊರೇ ಬಂತು. ಆಮೇಲೆ ಅವನು ಆ ಕೂಗನ್ನು ಬದಲಿಸಲಿಲ್ಲ.

ತಿದ್ದಲು ಬಂದವರಿಗೇನು ಕಡಿಮೆಯಿರಲಿಲ್ಲ. ಚರ್ಚಿನ ಉಪದೇಶಿ ಸವರಿಯಪ್ಪ, "ಪ್ರಭುವಿನಲ್ಲಿ ನಿದ್ರೆಹೋದರು ಅನ್ನಪ್ಪ" ಎಂದ. ಮಸೀದಿಯವರು, "ಅಲ್ಲಾಹನ ಕರೆಗೆ ಓಗೊಟ್ಟರು ಅನ್ನಿ" ಎಂದರು. ಶಿವರುದ್ರಸ್ವಾಮಿಯಂತೂ ತಿಂಗಳಿಗೊಮ್ಮೆ ಬಂದು ಲಿಂಗೈಕ್ಯದ ಅರ್ಥ ಬಿಡಿಸುತ್ತಿದ್ದ.

"ಅವ್ರವ್ರ ಮಾತೇ ಅಂದ್ರೆ ನಿಮ್ ಗಂಟೇನ್ ಓಯ್ತದೆ?" ಎಂದಿದ್ದಳು ಹೆಂಡತಿ ಸುವರ್ಣಮ್ಮ.

"ಮನೆ ಒಳ್ಗೆ ಅವ್ರವ್ರ ಮಾತೇ ಚೆಂದ ಕಣಮ್ಮಿ. ನಾನು ಕೂಗದು ಬೀದೀಲಿ. ಬೀದೀಲಿ ನಿಂತೋನ್ಗೆ ತಿಳೀಬೇಕಲ್ವಾ? ಬರೋನು ಅವ್ನು."

*

"ಬಾವ," ಎಂದಳು ಸುವರ್ಣಮ್ಮ, ಗಂಡನ ಪಕ್ಕದಿಂದ ಏಳದೆಯೇ. "ನಿಮ್ಮಪ್ಪಾರ ಮಣ್ಣಿನ ದಿಸ ಮಳೆ ಬಂದು ಗುಣಿ ಕುಸೀತು. ಕುಲಬಾಂಧವ್ರೆಲ್ಲ ಕೊಡೆ ಹಿಡ್ಕಂಡು ನೋಡ್ತಾ ನಿಂತಿದ್ರಿ. ಒಳಕ್ ಇಳ್ದು ಕೆಸ್ರು ಎತ್ತಾಕಿದ್ದು ಈ ಬುಡನ್ನು. ಅವತ್ತು ಇವ್ನು ಗುಣಿ ತಾವ್ಕೆ ಬರ್ಬೋದಾಗಿತ್ತಾ?"

"ಅವತ್ತಿಂದು ಬ್ಯಾರೆ."

"ಏನ್ ಬ್ಯಾರೆ? ಕೆಸ್ರು ಎತ್ತಕ್ಕೆ ಆಯ್ತದೆ, ಒಂದ್ ಹಿಡಿ ಮಣ್ ಆಕಕ್ಕೆ ಆಗಲ್ವಾ?"

ಶಿವರುದ್ರಸ್ವಾಮಿ ವೈರನ್ನು ಅಂಗೈಗೆ ಸುತ್ತಿಕೊಂಡ. "ನಾನ್ ಯೋಳ್ದಂಗೆ ಕೂಗದಾದ್ರೆ ಕೊಡ್ತೀನಿ."

ಮಾಲಿನಿ ಮೈಕನ್ನು ಅಪ್ಪನ ತೊಡೆಯ ಮೇಲಿಟ್ಟು ಬಂದಳು.

"ವೈರು ನೀವೇ ಮಡೀಕಳಿ ದೊಡ್ಡಪ್ಪ. ಗಂಟ್ಲು ನಂದು."

ಬರಿಗಾಲಲ್ಲಿ ಬೀದಿಗೆ ಇಳಿದು, ಎರಡೂ ಕೈ ಬಾಯಿಗೆ ಒಡ್ಡಿ ಕೂಗಿದಳು. "ಮೈಕ್‌ಸೆಟ್ ಶಿವಮಲ್ಲಪ್ಪನವರು ದೇವರ ಮನೆಗೆ ಹೋದರು. ಮಣ್ಣಿಗೆ ಎಲ್ಲರೂ ಬನ್ನಿ."

ಬುಡನ್ ಸಾಬಿ ಮೂಕ ಹಾರ್ನು ಹೊತ್ತ ಆಟೋವನ್ನು ಅವಳ ಹಿಂದೆ ಮೆಲ್ಲಗೆ ಬಿಟ್ಟ. ಮಸೀದಿಯ ಮೂಲೆಯಲ್ಲಿ ಅವಳ ಗಂಟಲು ಒಡೆಯಿತು. ಬುಡನ್ ತಲೆ ಆಚೆ ಹಾಕಿ ಅದೇ ಮಾತನ್ನು ತಾನು ಕೂಗಿದ. ಚರ್ಚ್ ಬೀದಿಯಲ್ಲಿ ಅವನಿಗೆ ಕೆಮ್ಮು ಬಂತು. ಬಾಗಿಲಲ್ಲಿ ನಿಂತಿದ್ದ ಸವರಿಯಪ್ಪ ಚಪ್ಪಲಿ ಮೆಟ್ಟಿ ಇಳಿದು ಬಂದ. "ದೇವರ ಮನೆಗೆ ಹೋದರು" ಎಂದು ಕೂಗಿ, ತಾನೇ ಸೇರಿಸಿದ: "ಮರೆಯದಿರಿ, ಮರೆತು ನಿರಾಶರಾಗದಿರಿ."

ಈ ಸಲ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಗಲಿಲ್ಲ. ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿದವು.

ತೋಟದಲ್ಲಿ ಗುಣಿಯ ಬಳಿ ಶಿವರುದ್ರಸ್ವಾಮಿ ಇಬ್ಬರು ಆಳುಗಳನ್ನು ನಿಲ್ಲಿಸಿದ್ದ. ಕುಲದವರು ಮಣ್ಣು ಹಾಕುತ್ತಲೇ ಸನಿಕೆಯಿಂದ ಮುಚ್ಚಿಬಿಡಬೇಕು ಎಂದು ತಾಕೀತಾಗಿತ್ತು. ಮಠದ ಸ್ವಾಮಿಗಳು ವಿಭೂತಿ ಇಟ್ಟು ಪಕ್ಕಕ್ಕೆ ಸರಿದರು. ಸುವರ್ಣಮ್ಮ ಒಂದು ಹಿಡಿ ಹಾಕಿದಳು, ಮಾಲಿನಿ ಹಾಕಿದಳು. ಆಳುಗಳು ಮುಂದೆ ಬರುವಷ್ಟರಲ್ಲಿ ಮಾಲಿನಿ ಬುಡನ್ ಸಾಬಿಯ ಕೈಹಿಡಿದು ಗುಣಿಯ ಅಂಚಿಗೆ ತಂದಿದ್ದಳು. ಅವನ ಹಿಂದೆ ಸವರಿಯಪ್ಪ. ಅವನ ಹಿಂದೆ ಸಾಲು ತೋಟದ ಬೇಲಿ ದಾಟಿ ರಸ್ತೆಯವರೆಗೂ ಇತ್ತು.

ಹೊತ್ತು ಇಳಿಯುವಾಗ ಹಿಡಿ ಹಿಡಿ ಮಣ್ಣಿನಿಂದಲೇ ಗುಣಿ ತುಂಬಿ, ಮೇಲೆ ಮೊಣಕಾಲೆತ್ತರ ದಿಬ್ಬ ಎದ್ದಿತ್ತು. ಅಗೆದ ಮೇಲೆ ತೊಳೆದಿಟ್ಟಿದ್ದ ಎರಡು ಸನಿಕೆ ಹೊಂಗೆಮರಕ್ಕೆ ಒರಗಿದ್ದವು. ಪಕ್ಕದಲ್ಲಿ ಶಿವರುದ್ರಸ್ವಾಮಿ ನಿಂತಿದ್ದ, ಅಂಗೈಗೆ ವೈರು ಸುತ್ತಿಕೊಂಡೇ. ಸನಿಕೆಗಳಿಗೂ ಅವನ ಕೈಗೂ ಮಣ್ಣು ಅಂಟಿರಲಿಲ್ಲ.