ಮೂರನೇ ಅವಧಿಯ ಕೊನೆಯ ಹತ್ತು ನಿಮಿಷ

ಪೆಲ್ಕಿ ಮನೆತನಕ್ಕೆ ನಾನು ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಅಷ್ಟರಲ್ಲಿ ನಮ್ಮೂರು ಕಾಪರ್ ಪೋರ್ಟೇಜಿನ ಐಸ್ ಹಾಕಿ ಅಂಗಳದಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಳಿಗೆ ಹೋಗಿದ್ದೇನೆ. ಈ ಫೆಬ್ರವರಿಯವರೆಗೆ ಒಂದರ ಕೊನೆಯನ್ನೂ ಕಂಡಿರಲಿಲ್ಲ. ಕೊನೆಯದಾದ ಮೂರನೇ ಅವಧಿಯಲ್ಲಿ ಇನ್ನು ಹತ್ತೇ ನಿಮಿಷ ಎಂದು ಗಡಿಯಾರ ತೋರಿಸಿದ ಕೂಡಲೇ ನಮ್ಮ ಮಾವ ಆರ್ವಿಲ್ ಎದ್ದು ನಿಲ್ಲುತ್ತಾರೆ. ಅವರ ಹಿಂದೆ ನನ್ನ ಗಂಡ ಡ್ವೇನ್, ಅವನ ಹಿಂದೆ ಅತ್ತೆ ಬರ್ನಡೆಟ್, ಕೊನೆಗೆ ಚೀಲ ಹೊತ್ತ ನಾನು. ಊರಿಗೆ ಊರೇ ಒಳಗೆ ಗಂಟಲು ಹರಿದುಕೊಳ್ಳುತ್ತಿದ್ದರೆ ನಾವು ಹಿಂಬಾಗಿಲಲ್ಲಿ, ಆಟಗಾರರ ಬಸ್ಸಿನ ಪಕ್ಕ, ಮಂಜಿನಲ್ಲಿ ಕಾಲು ಕುಟ್ಟುತ್ತ ನಿಂತಿರುತ್ತೇವೆ. ಮೊದಲು ನಿಂತವರಿಗೆ ಮೊದಲ ಸಹಿ. ಗೆದ್ದವರಾರೆಂದು ಮನೆಗೆ ಹೋಗುವಾಗ ಕಾರಿನ ರೇಡಿಯೋ ಹೇಳುತ್ತದೆ.

ಸಹಿ ಸಂಗ್ರಹ ನಮ್ಮ ಮನೆಯ ಹವ್ಯಾಸ ಎಂದು ಮಾವ ಎಲ್ಲರಿಗೂ ಹೇಳುತ್ತಾರೆ. ಹವ್ಯಾಸಕ್ಕೆ ಇಷ್ಟೊಂದು ಕಟ್ಟಳೆ ಇರುವುದನ್ನು ನಾನು ಬೇರೆಲ್ಲೂ ಕಾಣೆ. ಪೆನ್ನು ನೀಲಿಯೇ ಆಗಬೇಕು. ಶಾಯಿ ಹೆಪ್ಪುಗಟ್ಟದಂತೆ ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಆ ಕಂಕುಳು ನನ್ನದು. ಆಟಗಾರ ಸಹಿಯ ಮೇಲೆ ನಮ್ಮ ಹೆಸರು ಬರೆದರೆ ಸಹಿಯ ಬೆಲೆ ಕೆಟ್ಟಿತು. ಆಗ ಮಾವ ಅಡುಗೆಮನೆಯ ಮೇಜಿನ ಮೇಲೆ ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು, ಹೆಸರನ್ನಷ್ಟೇ ನಾಜೂಕಾಗಿ ಒರೆಸಿ ತೆಗೆಯುತ್ತಾರೆ. ನಮ್ಮ ಮದುವೆಗೆ ಒಬ್ಬ ಆಟಗಾರ ಹಾರೈಸಿ ಕಳಿಸಿದ್ದ ಕಾರ್ಡಿನಲ್ಲಿ ಈಗ ಅವನ ಸಹಿ ಮಾತ್ರ ಉಳಿದಿದೆ. ಮದುವೆಯಾದದ್ದು ಯಾರಿಗೆಂದು ದೇವರೇ ಬಲ್ಲ.

ಆಟಗಾರರು ಮಕ್ಕಳಿಗೆ ಇಲ್ಲವೆನ್ನುವುದಿಲ್ಲ. ಡ್ವೇನ್ ಹನ್ನೆರಡು ವರ್ಷದವರೆಗೆ ಆ ಕೆಲಸಕ್ಕೆ ಒದಗಿದ, ಆಮೇಲೆ ಹಾಳಾದ ಮೀಸೆ ಬಂತು. ನಮಗೆ ಮಕ್ಕಳಾಗಲಿಲ್ಲ, ಅದು ಸಂಗ್ರಹಕ್ಕೆ ಬಿದ್ದ ಪೆಟ್ಟು ಎಂದು ಮಾವ ನನ್ನೆದುರಿಗೇ ಕೊರಗಿದ್ದಾರೆ. ಹೋದ ಚಳಿಗಾಲದಲ್ಲಿ ಅವರಿಗೆ ಹೊಸ ಬುದ್ಧಿ ಹೊಳೆಯಿತು. ಚರ್ಚಿನ ನೆಲಮಾಳಿಗೆಯಿಂದ ಒಂದು ಗಾಲಿಕುರ್ಚಿ ತಂದು ಅತ್ತೆಯ ಮುಂದೆ ನಿಲ್ಲಿಸಿದರು.

"ನಾನು ನಡೀತೀನಲ್ಲ, ಆರ್ವಿಲ್!" ಎಂದರು ಅತ್ತೆ. ಎಪ್ಪತ್ತೆಂಟಾದರೂ ಅಂಗಳದ ಹಿಮವನ್ನೆಲ್ಲ ಒಬ್ಬರೇ ಗೋರಿ ಹಾಕುವ ಹೆಂಗಸು.

"ನಡಿ, ಯಾರು ಬೇಡ ಅಂದ್ರು? ಮನೇಲಿ ಎಷ್ಟು ಬೇಕಾದ್ರೂ ನಡಿ. ಅಲ್ಲಿ ಮಾತ್ರ ಸ್ವಲ್ಪ ತಲೆ ವಾಲಿಸ್ಕೊಂಡು ಕೂತ್ಕೋ."

ತಲೆ ವಾಲಿಸಿದ ಅತ್ತೆಯಿಂದ ಒಂದೇ ಚಳಿಗಾಲದಲ್ಲಿ ಹನ್ನೊಂದು ಸಹಿ ಬಂದವು. ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಆದರೂ ಕುರ್ಚಿ ತಳ್ಳುತ್ತಿದ್ದವಳು ನಾನೇ.

ಇನ್ನು ಉಳಿದದ್ದು ರೆಯಾಲ್ ಲಕಾಸ್. ನಲವತ್ತಮೂರು ವರ್ಷದ ಹಿಂದೆ ಕಪ್ ಗೆದ್ದ ನಮ್ಮೂರ ತಂಡದ ಅಂಗಿಯೊಂದು ಮಾವನ ಬಳಿ ಇದೆ. ಇಪ್ಪತ್ತು ಆಟಗಾರರಲ್ಲಿ ಹತ್ತೊಂಬತ್ತು ಜನರ ಸಹಿ ಅದರ ಮೇಲಿದೆ. ಗೋಲ್‌ಕೀಪರ್ ಲಕಾಸ್ ಕೆನಡಾದ ಕ್ವಿಬೆಕ್ ಸೇರಿಕೊಂಡು, ಮಾವ ಬರೆದ ಒಂದು ಕಾಗದಕ್ಕೂ ಉತ್ತರ ಕೊಟ್ಟಿರಲಿಲ್ಲ. ಈ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನದ ಆಟದಲ್ಲಿ ಆತನಿಗೆ ಊರಿನ ಸನ್ಮಾನ ಎಂದು ಗೊತ್ತಾದಾಗಿನಿಂದ ಮಾವನಿಗೆ ಊಟ ಸೇರಲಿಲ್ಲ.

ಅದೇ ವಾರ ಅತ್ತೆಯ ಹುಟ್ಟುಹಬ್ಬ. ಏನು ಬೇಕೆಂದು ಕೇಳಿದ್ದು ನನ್ನದೇ ತಪ್ಪು.

"ಒಂದೇ ಒಂದು ಆಟ ಕೊನೇವರ್ಗೂ ನೋಡ್ಬೇಕು," ಎಂದರು ಅತ್ತೆ. "ಈ ಶನಿವಾರದ್ದು."

"ಶನಿವಾರ ಬಿಟ್ಟು ಹೇಳು. ಮುಂದಿನ ವರ್ಷ ನೋಡಿದ್ರಾಯ್ತು," ಎಂದರು ಮಾವ, ಕೇಕಿನಿಂದ ತಲೆ ಎತ್ತದೆ.

"ಮುಂದಿನ ವರ್ಷ ಇರ್ತೀನಿ ಅಂತ ಯಾರ ಹತ್ರ ಬರೆಸ್ಕೊಂಡು ಬರ್ಲಿ?"

ಮಾವ ಇನ್ನೊಂದು ತುಂಡು ಕೇಕು ಹಾಕಿಕೊಂಡರು.

ಶನಿವಾರ ಗಾಲಿಕುರ್ಚಿಯವರ ಸಾಲಿನಲ್ಲಿ ಕೂತೆವು. ಅತ್ತೆಯ ಮಡಿಲಲ್ಲಿ ಆ ಅಂಗಿ, ಅದರ ಮೇಲೆ ಕಂಬಳಿ. ರಾಷ್ಟ್ರಗೀತೆ ಶುರುವಾದದ್ದೇ ತಡ ಅತ್ತೆ ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟರು. ಡ್ವೇನ್ ಅವರ ಹೆಗಲು ಅದುಮಿ ಕೂರಿಸಿದ. "ಅಮ್ಮಾ, ನಿಂಗೆ ಕಾಲಿಲ್ಲ, ನೆನಪಿರ್ಲಿ!" ಎಂದು ಪಿಸುಗುಟ್ಟಿದ. ಅತ್ತೆ ಕೂತೇ ಗೀತೆ ಹಾಡಿದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಮೂರನೇ ಅವಧಿ ಶುರುವಾಗುತ್ತಲೇ ಡ್ವೇನ್ ಹಿಂಬಾಗಿಲಲ್ಲಿ ಜಾಗ ಹಿಡಿಯಲು ಓಡಿದ. ಎರಡು–ಎರಡು ಸಮ. ಹತ್ತು ನಿಮಿಷ ಉಳಿದಾಗ ಮಾವ ಕುರ್ಚಿ ತಳ್ಳಿದರು. ಅದು ಅಲ್ಲಾಡಲಿಲ್ಲ. ಅತ್ತೆ ಬ್ರೇಕ್ ಹಾಕಿ, ಅದರ ಮೇಲೆ ಕೈ ಇಟ್ಟುಕೊಂಡಿದ್ದರು.

"ತಮಾಷೆ ಸಾಕು ಬರ್ನಡೆಟ್, ಕೈ ತೆಗಿ."

"ನೀವು ಹೋಗಿ."

"ಅಂಗಿನಾದ್ರೂ ಕೊಡೇ!"

"ಕಾಲಿಗೆ ಬೆಚ್ಚಗಿದೆ."

ಹಿಂದಿನವರು ಕೂರ್ರೀ, ಕೂರ್ರೀ ಎಂದು ಗದರಿದರು. ಮಾವ ನನ್ನತ್ತ ಬೆರಳು ತೋರಿಸಿ, "ಐದು ನಿಮಿಷದಲ್ಲಿ ಇವಳನ್ನ ಕರ್ಕೊಂಡು ಬರ್ಬೇಕು ನೀನು," ಎಂದು ಹೊರಗೋಡಿದರು.

ಆಮೇಲೆ ಬಿಳಿಗೂದಲಿನ ಒಬ್ಬ ದೊಡ್ಡಾಳು ಕುಂಟುತ್ತ ಮೆಟ್ಟಿಲಿಳಿದು ಬಂದ. "ಈ ಸೀಟು ಖಾಲೀನಾ ಮೇಡಂ? ಮೇಲೆ ಆ ಸೂಟಿನೋರ ಮಧ್ಯೆ ಕೂರಿಸಿದಾರೆ. ಒಬ್ರೂ ಆಟ ನೋಡಲ್ಲ, ಬರೀ ಮಾತು."

"ಖಾಲೀನೇ. ಬೇಗ ಕೂತ್ಕೊಳ್ಳಿ, ನಂಗೆ ಕಾಣ್ತಿಲ್ಲ."

ಡ್ವೇನ್‌ನ ಸೀಟಿನಲ್ಲಿ ಕೂತವನು ರೆಯಾಲ್ ಲಕಾಸ್. ನನ್ನ ಕೈ ತಾನಾಗಿ ಕಂಕುಳಿಗೆ ಹೋಯಿತು. ಕಂಬಳಿಯಡಿಯಿಂದ ಇಣುಕಿದ್ದ ಅಂಗಿಯ ತೋಳನ್ನು ಅವನೂ ನೋಡಿದ.

"ಓಹೋ, ನಮ್ಮ ಅಂಗಿ! ಸೈನ್ ಹಾಕ್ಲಾ?" ಎಂದು ಪೆನ್ನಿಗಾಗಿ ಕೈ ಚಾಚಿದ.

ನಾನು ಪೆನ್ನು ಹೊರಗೆಳೆದೂ ಆಗಿತ್ತು. ಅತ್ತೆ ಆಟದಿಂದ ಕಣ್ಣು ಕೀಳದೆ ನನ್ನ ಮಣಿಕಟ್ಟು ಹಿಡಿದರು. "ಆಮೇಲೆ. ನಮ್ಮ ಹದಿನೇಳನೇ ನಂಬರಿನವನ್ನ ನೋಡಿ, ಎಡಗಡೆ ಪೂರ್ತಿ ಬಿಟ್ಕೊಂಡಿದಾನೆ."

"ಅದನ್ನೇ ನಾನೂ ಅಂದೆ ಮೇಲೆ! ಯಾರ ಕಿವಿಗೂ ಬೀಳ್ಲಿಲ್ಲ," ಎಂದು ಲಕಾಸ್ ಮುಂದಕ್ಕೆ ಬಾಗಿದ.

ಜೇಬಿನಲ್ಲಿ ಡ್ವೇನ್‌ನ ಕರೆಗೆ ಫೋನ್ ನಡುಗುತ್ತಿತ್ತು. ಅದನ್ನು ಆಫ್ ಮಾಡಿದೆ. ಪೆನ್ನನ್ನು ಚೀಲದ ತಳಕ್ಕೆ ಎಸೆದೆ. ನನಗಾದ ಸಂತೋಷಕ್ಕೆ ಪಾರವೇ ಇರಲಿಲ್ಲ.

ಆಟ ಸಮದಲ್ಲೇ ಮುಗಿದು ಹೆಚ್ಚುವರಿ ಅವಧಿಗೆ ಹೋಯಿತು. ಇಬ್ಬರು ಮುದುಕರೂ ಒಂದೇ ಪೊಟ್ಟಣದಿಂದ ಕರಿದ ಆಲೂ ತಿನ್ನುತ್ತ ತೀರ್ಪುಗಾರನನ್ನು ಬೈದರು. ನಾಲ್ಕನೇ ನಿಮಿಷದಲ್ಲಿ ಅದೇ ಹದಿನೇಳನೆಯವನು ಗೋಲು ಹೊಡೆದ. ಅತ್ತೆ ಗಾಲಿಕುರ್ಚಿಯಿಂದ ಚಂಗನೆ ಎದ್ದು, ಎರಡೂ ಕೈ ಮೇಲೆತ್ತಿ ಕುಣಿದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಪವಾಡವೆಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಲಕಾಸ್ ಅತ್ತೆಯನ್ನು ತಬ್ಬಿಕೊಂಡ. ಅಷ್ಟರಲ್ಲಿ ಸೂಟಿನವರು ಬಂದು, ಸನ್ಮಾನದ ಊಟಕ್ಕೆ ಹೊತ್ತಾಯಿತೆಂದು ಅವನನ್ನು ಮುಂಬಾಗಿಲಿನಿಂದ ಕರೆದೊಯ್ದರು.

ಅತ್ತೆ ಖಾಲಿ ಕುರ್ಚಿಯನ್ನು ತಾವೇ ತಳ್ಳಿಕೊಂಡು ಹಿಂಬಾಗಿಲಿಗೆ ಬಂದರು. ಮಾವನ ಹುಬ್ಬಿನಲ್ಲಿ ಮಂಜು ಕಟ್ಟಿತ್ತು.

"ಲಕಾಸ್ ಇನ್ನೂ ಬಂದಿಲ್ಲ!" ಎಂದು ಹಲ್ಲು ಕಟಕಟಿಸಿದರು. "ಒಳಗೇನಾದ್ರೂ ಕಂಡ್ನಾ?"

"ನನ್ನ ಪಕ್ಕದಲ್ಲೇ ಕೂತಿದ್ದ. ಒಳ್ಳೇ ಮನುಷ್ಯ. ಆಟ ಚೆನ್ನಾಗಿ ಗೊತ್ತು."

ಮಾವ ಅಂಗಿಯನ್ನು ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮತ್ತೆ ಸೈನು? ಸೈನೆಲ್ಲೇ?"

"ಕೇಳೋಕೆ ಪುರುಸೊತ್ತೆಲ್ಲಿತ್ತು?" ಎಂದರು ಅತ್ತೆ. "ಆಟ ಮುಗಿದಿರ್ಲಿಲ್ಲ."