ಊಟಕ್ಕೆ ಎದ್ದ ಜಾಗ

ಮೇಸ್ತ್ರಿ ಗೋಡೆಗೆ ಗಾರೆ ಬಳಿಯಲು ಶುರು ಮಾಡಿ ಮೂವತ್ತು ವರ್ಷವಾಗಿತ್ತು. ಅವನು ಬಳಿದ ಗೋಡೆಗಳ ಬಣ್ಣ ಬದಲಾಗಿದೆ, ಮನೆಗಳ ಮಾಲೀಕರು ಬದಲಾಗಿದ್ದಾರೆ, ಗಾರೆ ಮಾತ್ರ ಹಾಕಿದಲ್ಲೇ ಕೂತಿದೆ ಎಂದು ಜನ ಹೇಳುತ್ತಿದ್ದರು. ಜನ ಮರೆತರೆ ಅವನೇ ನೆನಪು ಮಾಡುತ್ತಿದ್ದ. ಬೇರೆ ಯಾರೋ ಮಾಡಿದ ಹೊರಗೋಡೆ ಬಿರುಕು ಬಿಟ್ಟರೂ ಇವನಿಗೇ ಕರೆ. ಬಂದು ಗಾರೆ ಬಳಿಯುವ ಕರಣೆಯ ಹಿಡಿಯಿಂದ ಟಕಟಕ ಬಡಿದು, ಕಿವಿಯಿಟ್ಟು ಕೇಳಿ, ಉಗುರಿನಿಂದ ಕೆರೆದು, ಮರಳಿನಲ್ಲಿ ಮಣ್ಣಿತ್ತು ಎಂದೋ, ಪಾಯ ಕುಸಿದಿದೆ ಎಂದೋ ಕಾಯಿಲೆಯ ಹೆಸರು ಹೇಳಿಬಿಡುತ್ತಿದ್ದ. ಅದಕ್ಕೇ ಅವನಿಗೆ ಗೋಡೆ ಡಾಕ್ಟರು ಎಂಬ ಅಡ್ಡಹೆಸರು. ಅದನ್ನು ಅವನು ಬಿರುದು ಎಂದೇ ತಿಳಿದುಕೊಂಡಿದ್ದ.

ಇಂಥ ಡಾಕ್ಟರಿಗೆ ಒಂದು ಬೆಳಗ್ಗೆ ಫೋನ್ ಬಂತು. ಮಾಡಿದವರು ಬೀಗಿತಿ, ಅಂದರೆ ಮಗಳ ಅತ್ತೆ.

"ಬೀಗರೇ, ನೀವು ಮಾಡಿದ ಗೋಡೆ ಬಿರುಕು ಬಿಟ್ಟಿದೆ. ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈಕೆಲಸ ಗೊತ್ತಿಲ್ವಾ ನಮಗೆ? ಹೊಸ ಗಾರೆಗೆ ಏಳು ದಿನ ನೀರು ಹಾಕಮ್ಮಾ ಅಂತ ಮಗಳಿಗೆ ಹೇಳಿ ಹೋಗಿದ್ರಿ. ಅವಳು ಎಷ್ಟು ಹಾಕಿದ್ಲೋ, ಎಷ್ಟು ಬಿಟ್ಲೋ. ಬೀದಿಯವರೆಲ್ಲ ಕೇಳ್ತಾರೆ, ನಾನು ಏನಂತ ಹೇಳಲಿ?"

ಏನಂತ ಹೇಳಲಿ ಎಂದಿದ್ದು ಬರೀ ಬಾಯಿಮಾತಿಗೆ. ಹೇಳಬೇಕಾದ್ದನ್ನು ಬೀಗಿತಿ ಆಗಲೇ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೇಳಿ ಮುಗಿಸಿದ್ದರು. ಒಳ್ಳೆಯ ಹೆಂಗಸು, ಕೊಡುಗೈ, ಆದರೆ ಬಾಯಿಗೆ ಬೀಗ ಹಾಕುವ ಅಭ್ಯಾಸವಿರಲಿಲ್ಲ.

ಮೇಸ್ತ್ರಿ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಗೇಟಿನ ಹತ್ತಿರವೇ ಮಗಳು ಕಾಯುತ್ತಿದ್ದಳು. ಮದುವೆಯಾಗಿ ಆರು ತಿಂಗಳಾಗಿತ್ತು, ಗೋಡೆ ಕೆಲಸ ಮುಗಿದು ಮೂರು ತಿಂಗಳು.

"ಅಪ್ಪಾ, ನಾನು ನೀರು ಹಾಕಿದೀನಿ. ಏಳು ದಿನ, ಎರಡೂ ಹೊತ್ತು. ಯಾರೂ ನಂಬ್ತಿಲ್ಲ. ಈಗ ಹಾಲು ಉಕ್ಕಿದ್ರೂ ಗೋಡೆ ಮಾತು ಬರುತ್ತೆ, ಬಟ್ಟೆ ಒಣಗದಿದ್ರೂ ಗೋಡೆ ಮಾತು ಬರುತ್ತೆ. ಸೋಮಾರಿ ಅಂತ ಹೆಸರು ಬಿತ್ತು ನೋಡು."

ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗಲಿಲ್ಲ, ಅದು ಅಪ್ಪನಿಗೆ ಕಂಡಿತು. ಈ ಹೆಸರು ಒಮ್ಮೆ ಅಂಟಿಕೊಂಡರೆ ಇವಳ ತಲೆಗೂದಲು ನೆರೆತರೂ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು. ನೀರು ಹಾಕಿದ್ದು ನಿಜವಾದರೆ ತಪ್ಪು ಇನ್ಯಾರದ್ದಾಗಬೇಕು ಎಂಬುದೂ ಗೊತ್ತು. ಹಾಗಾಗಿ, ಸುಳ್ಳೇಕೆ ಹೇಳಬೇಕು, ಈ ಕಾಯಿಲೆಗೆ ಮಗಳೂ ಅಲ್ಲದ, ತಾನೂ ಅಲ್ಲದ ಮೂರನೇ ಕಾರಣವೊಂದು ಸಿಕ್ಕಿದರೆ ಸಾಕಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದ.

ಬೀಗಿತಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ಆಪರೇಷನ್ ನೋಡಲು ಬಂದವರ ಹಾಗೆ. ಮೇಸ್ತ್ರಿ ಮೊದಲು ಪಾಯವನ್ನು ಅನುಮಾನಿಸಿದ. ಪಾಯ ಕುಸಿದಿದ್ದರೆ ಕಿಟಕಿಯ ಮೂಲೆಯಿಂದ ಒಂದೇ ದಪ್ಪ ಬಿರುಕು ಓರೆಯಾಗಿ ಇಳಿಯಬೇಕಿತ್ತು. ಇಲ್ಲಿ ಇದ್ದದ್ದು ಕೂದಲಿನಷ್ಟು ಸಣ್ಣ ಬಿರುಕುಗಳ ಬಲೆ. ಪಾಯ ಪಾರಾಯಿತು. ಒಳಗಿನ ಪೈಪು ಒಡೆದಿದೆಯೇ ಎಂದು ಅಂಗೈ ಇಟ್ಟು ನೋಡಿದ, ತೇವದ ಸುಳಿವೇ ಇಲ್ಲ. ಮರಳಿಗೆ ಬೈಯೋಣ ಎಂದರೆ ಇಡೀ ಗೋಡೆಗೆ ಬಿದ್ದದ್ದು ಒಂದೇ ಲಾರಿಯ ಮರಳು, ಅದು ಕೆಟ್ಟಿದ್ದರೆ ಗೋಡೆಯೆಲ್ಲ ಒಡೆಯಬೇಕಿತ್ತು.

ಉಳಿದದ್ದು ನೀರು. ನೀರು ಕಡಿಮೆಯಾಗಿದ್ದರೆ ಮೊದಲು ಒಡೆಯಬೇಕಾದ್ದು ಮೇಲ್ಭಾಗ, ದಿನವೆಲ್ಲ ಬಿಸಿಲು ಬೀಳುವುದು ಅಲ್ಲಿಗೆ. ಏಣಿ ಹತ್ತಿ ಬಡಿದ. ಬಂಡೆಯಂತೆ ಗಟ್ಟಿ ಸದ್ದು. ಎಡಕ್ಕೆ ಬಡಿದ, ಗಟ್ಟಿ. ಬಲಕ್ಕೆ ಬಡಿದ, ಗಟ್ಟಿ. ಕಿಟಕಿಯ ಕೆಳಗೆ ಬಡಿದಾಗ ಮಾತ್ರ ಖಾಲಿ ಡಬ್ಬದ ಸದ್ದು ಬಂತು. ಉಗುರು ತಾಗಿಸಿದರೆ ಪುಡಿ ಉದುರಿತು. ಒಂದು ಹೊದಿಕೆ ಹರಡಿದಷ್ಟು ಜಾಗ. ಅದರ ಅಂಚು ಗೀಟು ಹಾಕಿದಷ್ಟು ಸ್ಪಷ್ಟ. ಆರು ಬಾಂಡ್ಲಿ ಗಾರೆ ಹಿಡಿಯುವಷ್ಟು ಜಾಗ ಎಂದು ಅವನ ಕಣ್ಣು ತಾನಾಗಿ ಅಳೆದುಬಿಟ್ಟಿತು.

ಆ ಆರು ಬಾಂಡ್ಲಿ ಅವನಿಗೆ ಚೆನ್ನಾಗಿ ನೆನಪಿತ್ತು. ಬೀಗರ ಮನೆ ಕೆಲಸಕ್ಕೆ ಆಳೇಕೆ ಎಂದು ಅವತ್ತು ಒಬ್ಬನೇ ಬಂದಿದ್ದ. ಕಿಟಕಿಯವರೆಗೆ ಇಳಿದು, ಕೆಳಗಿನ ಭಾಗಕ್ಕೆಂದು ತಗಡಿನ ಮೇಲೆ ಹೊಸದಾಗಿ ಗಾರೆ ಕಲಸಿ ಗುಡ್ಡೆ ಹಾಕಿದ್ದ. ಅಷ್ಟರಲ್ಲಿ ಬೀಗಿತಿ ಬಾಗಿಲಿಗೆ ಬಂದು, "ಬನ್ನಿ ಬೀಗರೇ, ಊಟ ಆರುತ್ತೆ" ಎಂದರು. ಮದುವೆಯಾದ ಮೇಲೆ ಮಗಳ ಮನೆಯಲ್ಲಿ ಮೊದಲ ಊಟ. ಹತ್ತು ನಿಮಿಷದ ಮಾತು ಎಂದು ಗುಡ್ಡೆಗೆ ಗೋಣಿಚೀಲ ಮುಚ್ಚಿ ಎದ್ದ. ಆದರೆ ಬೀಗಿತಿ ಬಡಿಸುವುದೆಂದರೆ ಸಾಮಾನ್ಯವೇ? ಸಾಕು ಎಂದು ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಬಡಿಸಿದರು. ಎಲ್ಲವನ್ನೂ ಮೂರು ಸಲ ಬಡಿಸಿ, ಆಮೇಲೆ ಮದುವೆಯ ಆಲ್ಬಮ್ ತಂದು ಒಂದೊಂದು ಫೋಟೋದಲ್ಲೂ ಯಾರು ಯಾರಿಗೆ ಏನಾಗಬೇಕು ಎಂದು ವಿವರಿಸಿದರು. ನಡುವೆ ಎದ್ದು ಹೋಗುವುದು ಹೇಗೆ, ಹೆಣ್ಣು ಕೊಟ್ಟವರು.

ಎರಡು ಗಂಟೆ ಬಿಟ್ಟು ಬಂದಾಗ ಗಾರೆ ಬಿಗಿದುಕೊಂಡಿತ್ತು. ಬಿಗಿದ ಗಾರೆಯನ್ನು ಎಸೆಯಬೇಕು, ಬೇರೆ ದಾರಿ ಇಲ್ಲ. ಅದಕ್ಕೆ ಮತ್ತೆ ನೀರು ಬೆರೆಸಿದ್ದಕ್ಕೆ ಹಿಂದೊಮ್ಮೆ ಕೆಲಸದವನೊಬ್ಬನನ್ನು ಮಧ್ಯಾಹ್ನವೇ ಮನೆಗೆ ಕಳಿಸಿದವನು ಇವನು. ಆದರೆ ಅವತ್ತು ಬೀಗಿತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, "ಊಟ ಸರಿಹೋಯ್ತಾ?" ಎಂದು ಕೇಳುತ್ತಿದ್ದರು. ಅವರೆದುರು ಗುಡ್ಡೆ ಎಸೆದರೆ ನಿಮ್ಮ ಊಟದಿಂದ ಗಾರೆ ಹಾಳಾಯಿತು ಎಂದು ಮುಖಕ್ಕೆ ಹೊಡೆದ ಹಾಗೆ. ಒಂದು ತಂಬಿಗೆ ನೀರು ಚಿಮುಕಿಸಿ, ಮಗುಚಿ, ಬಳಿದುಬಿಟ್ಟ.

"ಏನಂತೆ ಬೀಗರೇ? ನೀರು ಸಾಲಲಿಲ್ಲ ಅಲ್ವಾ?" ಕುರ್ಚಿಯಿಂದ ಪ್ರಶ್ನೆ ಬಂತು.

ಒಂದು ಸಲ ತಲೆಯಾಡಿಸಿದರೆ ಮುಗಿಯಿತು. ಮೂವತ್ತು ವರ್ಷದ ಹೆಸರು ಉಳಿಯುತ್ತದೆ, ಬಿರುದು ಉಳಿಯುತ್ತದೆ. ಗೋಡೆ ಡಾಕ್ಟರ ಮಾತನ್ನು ಅಲ್ಲಗಳೆಯುವವರು ಆ ಊರಲ್ಲಿ ಯಾರಿದ್ದಾರೆ? ಮೇಸ್ತ್ರಿ ಕರಣೆಗೆ ಅಂಟಿದ ಪುಡಿಯನ್ನು ಒರೆಸತೊಡಗಿದ. ನಲ್ಲಿಯ ಹತ್ತಿರ ನಿಂತಿದ್ದ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ ಮುಖ, ಓದಲು ಎಷ್ಟು ಹೊತ್ತು ಬೇಕು?

"ಹೌದು ಅತ್ತೆ," ಎಂದಳು ಮೆಲ್ಲಗೆ. "ಒಂದೆರಡು ದಿನ ಮರೆತಿರಬೇಕು ನಾನು."

ಮೇಸ್ತ್ರಿಗೆ ಕಪಾಳಕ್ಕೆ ಹೊಡೆದಂತಾಯಿತು.

"ನೀನು ಸುಮ್ನಿರು ಮಗಳೇ," ಎಂದ. ಕರಣೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟ. "ಬೀಗಿತಿಯವರೇ, ಇವಳು ನೀರು ಹಾಕಿದಾಳೆ. ಹಾಕಿದ್ದಕ್ಕೇ ಉಳಿದ ಗೋಡೆ ಕಲ್ಲಿನ ಹಾಗಿದೆ, ಬೇಕಾದ್ರೆ ನೀವೇ ಬಡಿದು ನೋಡಿ. ಒಡೆದಿರೋದು ನಾನು ಊಟಕ್ಕೆ ಎದ್ದ ಜಾಗ. ಗಾರೆ ಬಿಗಿದುಹೋಗಿತ್ತು. ಎಸೀಬೇಕಿತ್ತು, ನೀರು ಬೆರೆಸಿ ಬಳಿದೆ. ತಪ್ಪು ನಂದು. ನಾನೇ ಕೆತ್ತಿ ಹೊಸದಾಗಿ ಮಾಡಿಕೊಡ್ತೀನಿ."

ಬೀಗಿತಿ ಎದ್ದು ಬಂದು, ಬೆರಳು ಮಡಚಿ ಕಿಟಕಿಯ ಕೆಳಗೆ ಬಡಿದರು, ಪಕ್ಕದಲ್ಲಿ ಬಡಿದರು, ಮತ್ತೆ ಕೆಳಗೆ ಬಡಿದರು.

"ಹಂಗಾದ್ರೆ ಕೂರಿಸಿಕೊಂಡಿದ್ದು ನಾನು," ಎಂದರು ಕೊನೆಗೆ.

"ಎದ್ದು ಬರದೇ ಇದ್ದಿದ್ದು ನಾನು," ಎಂದ ಮೇಸ್ತ್ರಿ.

ಬೀಗಿತಿ ಸೊಸೆಯ ಕಡೆ ತಿರುಗಿದರು. ಆಮೇಲೆ ಕುರ್ಚಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಮಗಳ ಮುಖ ಸಪ್ಪಗಾಯಿತು. ಅಪ್ಪನ ಹೆಸರೂ ಹೋಯಿತು, ನನ್ನದೂ ಉಳಿಯಲಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

ಭಾನುವಾರ ಮೇಸ್ತ್ರಿ ಬಂದು ಆ ಜಾಗವನ್ನು ಕೆತ್ತಿ, ತೊಳೆದು, ಹೊಸ ಗಾರೆ ಕಲಸಿದ. ಮಧ್ಯಾಹ್ನ ಬೀಗಿತಿ ಬಾಗಿಲಿಗೆ ಬಂದರು. ತಗಡಿನ ಮೇಲಿನ ಗುಡ್ಡೆಯನ್ನು ನೋಡಿದರು. ಊಟದ ಮಾತೆತ್ತದೆ ಕುರ್ಚಿ ತಂದು ಗುಡ್ಡೆಯ ಪಕ್ಕದಲ್ಲೇ ಕೂತು, ಕೊನೆಯ ಬಾಂಡ್ಲಿ ಗೋಡೆ ಸೇರುವ ತನಕ ಕದಲಲಿಲ್ಲ. ಆಮೇಲೆ ಎಂದಿನಂತೆ ಮೂರು ಸಲ ಬಡಿಸಿದರು.

ವಾರ ಕಳೆದ ಮೇಲೆ ಮಗಳ ಫೋನ್ ಬಂತು. ಹಿಂದಿನಿಂದ ನೀರು ಚಿಮ್ಮುವ ಸದ್ದು ಕೇಳುತ್ತಿತ್ತು.

"ಅಪ್ಪಾ, ಮೊದಲನೇ ದಿನವೇ ಅತ್ತೆ ನನ್ನ ಕೈಯಿಂದ ಪೈಪು ಕಿತ್ಕೊಂಡ್ರು. ಬೆಳಗ್ಗೆ ಸಂಜೆ ಅವರೇ ನಿಂತು ನೀರು ಹಾಕ್ತಾರೆ. ಬೀದಿಯಲ್ಲಿ ಹೋಗೋರು, ಸೊಸೆ ಎಲ್ಲಿ ಅಂತ ಕೇಳಿದ್ರೆ ಸಾಕು, ನಿಲ್ಲಿಸಿ ಹೇಳ್ತಾರೆ: ನನ್ನ ಸೊಸೆ ಸರಿಯಾಗೇ ಹಾಕಿದ್ಲು, ಗೋಡೆ ಕೆಡಿಸಿದ್ದು ನಾವು ಬೀಗರಿಬ್ಬರು, ನಾನು ಬಡಿಸಿದೆ, ಅವರು ತಿಂದ್ರು ಅಂತ. ಒಬ್ಬರನ್ನೂ ಬಿಟ್ಟಿಲ್ಲ, ಬೀದಿಯ ಕೊನೇ ಮನೆಗೂ ಮುಟ್ಟಿದೆ."

ಮೇಸ್ತ್ರಿಗೆ ನಗು ಬಂತು. ಮಾತಿಗೆ ಏನಾದರೂ ಬೇಕಲ್ಲ ಎಂದು, "ಇವತ್ತಿಗೆ ಎಷ್ಟನೇ ದಿನ?" ಎಂದು ಕೇಳಿದ.

"ಒಂಬತ್ತು," ಎಂದಳು ಮಗಳು. "ಏಳೇ ಸಾಕು ಅತ್ತೆ ಅಂದ್ರೆ ಪೈಪು ಕೊಡ್ತಿಲ್ಲ."