ಕರಿಬಂಡೆಯ ಆಚೆಯ ಪಾದ್ರಿ

"ಮೊಳೆ ಹೊಡೀಬೇಡಿ ಅಂದೆ!" ನೆಸ್ಟಾ ಶವಪೆಟ್ಟಿಗೆಯ ಮೇಲೆ ಎತ್ತಿದ್ದ ಸುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಪಾದ್ರಿಯಿಲ್ಲದಾಗ ಪ್ರಾರ್ಥನೆ ನಡೆಸುವ ಉಪದೇಶಿ ಸೈಲಸ್ ಮುದುಕ ಅವಳ ಕೈ ಬಿಡಿಸಲು ಹೋಗಲಿಲ್ಲ. "ಮಗಾ, ಈ ಸೆಕೆಗೆ ನಿಮ್ಮಮ್ಮನ್ನ ಎಷ್ಟೊತ್ತು ಇಟ್ಕೊಳ್ಳೋಕಾಗತ್ತೆ? ನಮ್ಮ ಫಾದರ್ ಬರ್ಬೇಕಾದ ಹಡಗು ಗಾಳಿಗೆ ಹೆದರಿ ಹೊನಿಯಾರಾ ಬಂದರಲ್ಲೇ ನಿಂತಿದೆ. ಪ್ರಾರ್ಥನೆ ನಾನೇ ಓದಿ ಮುಗಿಸ್ತೀನಿ."

"ಅಮ್ಮ ಕೇಳಿದ್ದು ಕ್ಯಾಸ್ಪರಣ್ಣನ್ನ."

ಅಂಗಳದ ಚಾಪೆಗಳ ಮೇಲೆ ಕೂತಿದ್ದ ಹೆಂಗಸರ ಅಳು ಒಮ್ಮೆಗೇ ತಗ್ಗಿತು. ಕ್ಯಾಸ್ಪರ್, ಸತ್ತ ರೊಸೀನಾಳ ತಮ್ಮನ ಮಗ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಈಗ ಅವನು ಎದುರಿನ ಮವೇಲಿ ದ್ವೀಪದ ಪಾದ್ರಿ. ಮವೇಲಿಯ ತೆಂಗಿನಮರಗಳು ಇಲ್ಲಿಂದಲೇ ಕಾಣುತ್ತವೆ. ಆದರೆ ಅದು ಬೇರೆ ಬಿಷಪ್ಪರ ಧರ್ಮಪ್ರಾಂತ್ಯ. ಹಿಂದಿನ ವರ್ಷ ಆ ಕಡೆಯ ಪಾದ್ರಿಯೊಬ್ಬರು ಅಪ್ಪಣೆಯಿಲ್ಲದೆ ಈಚೆಗೆ ಬಂದು ಮದುವೆ ಮಾಡಿಸಿದ್ದರು. ಇಬ್ಬರು ಬಿಷಪ್ಪರ ನಡುವೆ ಜಗಳವೆದ್ದು ಆ ಪಾದ್ರಿಯ ಪದವಿಯೇ ಹೋಗಿತ್ತು.

ಅಷ್ಟರಲ್ಲಿ, ಮವೇಲಿಗೆ ಹೋಗಿದ್ದ ನೆಸ್ಟಾಳ ಗಂಡ ಹ್ಯಾಡ್ಲಿ ಮೈಯೆಲ್ಲ ಒದ್ದೆಯಾಗಿ ದಡದಿಂದ ಓಡಿಬಂದ.

"ಕ್ಯಾಸ್ಪರಣ್ಣ ಅಪ್ಪಣೆ ಕೇಳಿ ಬೆಳಗ್ಗೆಯಿಂದ ರೇಡಿಯೋದಲ್ಲಿ ಕೂಗ್ತಾನೇ ಇದಾನೆ. ಬಿಷಪ್ ಕಡೆಯಿಂದ ಸದ್ದೇ ಇಲ್ಲ. 'ಅತ್ತೇನ ಗಡಿಯ ಕರಿಬಂಡೆ ದಾಟಿಸ್ಕೊಂಡು ಬನ್ನಿ, ನಮ್ಮ ಕಡೆ ನೀರಲ್ಲೇ ಓದ್ತೀನಿ' ಅಂದ."

"ಹೆಣಾನ ಸಮುದ್ರಕ್ಕಾ?" ಸೈಲಸ್ ಕಡಲಿನತ್ತ ತಿರುಗಿದ. "ದೋಣಿ ಮಗುಚಿದ್ರೆ?"

ನೆಸ್ಟಾ ಸುತ್ತಿಗೆಯನ್ನು ಅವನ ಕೈಗೆ ಬಿಟ್ಟಳು. "ಈಗ ಹೊಡೀರಿ. ಗಟ್ಟಿಯಾಗಿ."

*

ಮೊದಲು ಎರಡು ದಡಕ್ಕೂ ಒಬ್ಬರೇ ಬಿಷಪ್. ಇಷ್ಟೊಂದು ದ್ವೀಪಗಳನ್ನು ಒಬ್ಬರಿಂದ ಸುತ್ತಲಾಗದು ಎಂದು ಪ್ರಾಂತ್ಯವನ್ನು ಒಡೆದ ದಿನ ಈ ತಾರೊಲೂ ಊರಿನಲ್ಲಿ ಹಂದಿ ಸುಟ್ಟು, ಮರಗೆಣಸಿನ ಕಡುಬು ಬೇಯಿಸಿ ಊಟ ಹಾಕಿದ್ದರು. ಹೊಸ ಬಿಷಪ್ ದಡದಲ್ಲಿ ನಿಂತು ಕರಿಬಂಡೆಯತ್ತ ಕೈ ತೋರಿಸಿದರು: ಅದರಾಚೆ ಅವರದು, ಈಚೆ ನಮ್ಮದು.

"ಮೀನಿಗೂ ಹೇಳಿದೀರಾ?" ಎಂದಳು ರೊಸೀನಾ. ಎಲ್ಲರೂ ನಕ್ಕರು.

ಮದುವೆಯಾಗಿ ತಾರೊಲೂಗೆ ಬಂದ ಮೇಲೂ ಅವಳು ಪ್ರತಿ ಶನಿವಾರ ಹುಟ್ಟು ಹಾಕಿಕೊಂಡು ಮವೇಲಿಗೆ ಹೋಗುತ್ತಿದ್ದಳು. ತವರಿನ ಚರ್ಚಿನ ಬಲಿಪೀಠದ ಬಟ್ಟೆಗಳನ್ನು ತೊರೆಯಲ್ಲಿ ಒಗೆದು, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ತೀಡಿ, ಹಾಸಿ ಬರುತ್ತಿದ್ದಳು. ಪ್ರಾಂತ್ಯ ಒಡೆದರೂ ಅದನ್ನು ಬಿಡಲಿಲ್ಲ. ಒಂದು ಶನಿವಾರ, ಹೊಸದಾಗಿ ಪಾದ್ರಿಯಾಗಿದ್ದ ಕ್ಯಾಸ್ಪರ್ ಬಾಗಿಲಲ್ಲೇ ನಿಂತಿದ್ದ.

"ಅತ್ತೆ, ಇನ್ಮೇಲೆ ಬಟ್ಟೆ ಈ ಊರಿನ ಹೆಂಗಸರೇ ಒಗೀತಾರಂತೆ. ಸಮಿತಿ ತೀರ್ಮಾನ."

"ಹಂಗಾದ್ರೆ ನಾನ್ಯಾವೂರವಳೋ?"

ಅವಳು ಖಾಲಿ ಬುಟ್ಟಿಯೊಂದಿಗೆ ದೋಣಿ ಹತ್ತಿದಳು. ಮತ್ತೆ ಆ ದಡ ಮೆಟ್ಟಲಿಲ್ಲ. ಶನಿವಾರ ಬಂತೆಂದರೆ ಮಾತ್ರ ಏನು ಮಾಡಬೇಕೆಂದು ತೋಚದೆ, ಒಗೆದಿಟ್ಟ ಮನೆಯ ಬಟ್ಟೆಗಳನ್ನೇ ಮತ್ತೆ ಒಗೆಯುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗ ಮಗಳಿಗೆ ಹೇಳಿದ್ದು ಒಂದೇ ಮಾತು: "ನನ್ನ ಮೇಲೆ ಮಣ್ಣು ಹಾಕೋವಾಗ ಕ್ಯಾಸ್ಪರ್ ಓದ್ಲಿ."

*

ಕರಿಬಂಡೆ ದಾಟುತ್ತಲೇ ಅಲೆಗಳು ಎತ್ತರವಾದವು. ಎಂಜಿನ್ ಎರಡು ಸಲ ಕೆಮ್ಮಿತು. ಸೈಲಸ್ ಶವಪೆಟ್ಟಿಗೆಯನ್ನು ತಬ್ಬಿ ಕುಳಿತಿದ್ದ. ನೆಸ್ಟಾ ಡಬ್ಬಿಯಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದಳು.

ಕ್ಯಾಸ್ಪರ್ ತನ್ನ ಪುಟ್ಟ ದೋಣಿಯಲ್ಲಿ ಒಬ್ಬನೇ ಬಂದಿದ್ದ. ಹ್ಯಾಡ್ಲಿ ಎರಡು ದೋಣಿಗಳನ್ನೂ ಹಗ್ಗದಿಂದ ಬಿಗಿದ.

"ಬೇಗ ಓದಣ್ಣಾ," ಎಂದಳು ನೆಸ್ಟಾ.

ಅವನು ಓದಿದ. ಗಾಳಿ ಅರ್ಧ ಮಾತುಗಳನ್ನು ಹೊತ್ತೊಯ್ಯುತ್ತಿತ್ತು. "ಮಣ್ಣಿಗೆ ಮಣ್ಣು" ಎನ್ನುವಲ್ಲಿಗೆ ಬಂದಾಗ ಅವನ ಕೈ ಅಭ್ಯಾಸದಂತೆ ಕೆಳಗೆ ಚಾಚಿತು. ಸಿಕ್ಕಿದ್ದು ನೀರು.

"ಮಣ್ಣು ತಂದಿದೀರಾ?"

ಯಾರೂ ತಂದಿರಲಿಲ್ಲ. ಕ್ಯಾಸ್ಪರ್ ಒದ್ದೆ ಅಂಗೈಯನ್ನೇ ನೋಡುತ್ತ ಕುಳಿತ. ದೊಡ್ಡ ಅಲೆಯೊಂದು ಬಡಿದು ದೋಣಿಗಳು ಒಂದಕ್ಕೊಂದು ಉಜ್ಜಿಕೊಂಡವು.

"ಸಾಕು ಫಾದರ್," ಎಂದ ಸೈಲಸ್. "ಮಿಕ್ಕಿದ್ದನ್ನ ಅಲ್ಲಿ ನಾನು ಓದ್ತೀನಿ. ನೀವು ವಾಪಸ್ ಹೋಗಿ. ಇದ್ದ ಕೆಲಸ ಕಳ್ಕೋಬೇಡಿ."

ಕ್ಯಾಸ್ಪರ್ ಪುಸ್ತಕವನ್ನು ನಿಲುವಂಗಿಯ ಎದೆಯೊಳಗೆ ತೂರಿಸಿಕೊಂಡು, ಪೆಟ್ಟಿಗೆಯ ಅಂಚು ಹಿಡಿದು ನೆಸ್ಟಾಳ ದೋಣಿಗೆ ಕಾಲಿಟ್ಟ.

"ತಿರುಗಿಸು ಹ್ಯಾಡ್ಲಿ."

"ನಿಮ್ಮ ಬಿಷಪ್ಪರಿಗೆ ಏನಂತ ಹೇಳ್ತೀರಿ?" ಎಂದ ಸೈಲಸ್.

"ಗೊತ್ತಿಲ್ಲ. ಮೊದ್ಲು ಅತ್ತೇನ ಇಳಿಸೋಣ."

ತಾರೊಲೂ ದಡದಲ್ಲಿ ಜನ ಸೊಂಟದ ಮಟ್ಟದ ನೀರಿಗಿಳಿದು ಕಾಯುತ್ತಿದ್ದರು. ದೋಣಿ ಇನ್ನೂ ಮರಳು ಮುಟ್ಟಿರಲಿಲ್ಲ. ಕ್ಯಾಸ್ಪರ್ ಬಿಳಿ ನಿಲುವಂಗಿಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ನೀರಿಗೆ ಧುಮುಕಿ, ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ.